ಮುದ್ರಾರಹಿತ ಮಣ್ಣೆತ್ತುಗಳ ಕಾಲನಿರ್ಣಯ ಮತ್ತು ಮೌಲ್ಯಮಾಪನ: ಒಂದು ಸಂಶೋಧನಾ ಪ್ರಬಂಧ

ಪಿಂಗಾಣಿ ಗೊಂಬೆಗಳ ಶಾಸ್ತ್ರ ಯುರೋಪಿನಲ್ಲಿ ಬಹಳ ಮುಂದುವರಿದಿದೆ. 1710ರಲ್ಲಿ ಆರಂಭವಾದ ಜರ್ಮನಿಯ ಮೈಸೆನ್ ಕಾರ್ಖಾನೆಯ ಗೊಂಬೆಯನ್ನು ಬೋರಲು ಹಾಕಿದರೆ ಬುಡದಲ್ಲಿ ನೀಲಿ ಬಣ್ಣದ ಜೋಡುಕತ್ತಿ ಕಾಣುತ್ತದೆ. ಪಂಡಿತರು ಬೆಲೆ ಹೇಳಿ ಚಹಾ ಕುಡಿಯಲು ಹೋಗುತ್ತಾರೆ. ಜ್ಯೇಷ್ಠ ಮಾಸದ ಮಣ್ಣೆತ್ತಿನ ಅಮಾವಾಸ್ಯೆಯಂದು ನವಲಗುಂದದ ಯಾವುದೇ ಮನೆಯಲ್ಲಿ ಪೂಜೆಗಿಟ್ಟ ಮಣ್ಣಿನ ಜೋಡೆತ್ತನ್ನು ಬೋರಲು ಹಾಕಿ ನೋಡಿ, ಕಾಣುವುದು ನಾಲ್ಕು ಕಾಲು, ಒಮ್ಮೊಮ್ಮೆ ಮೂರು. ಈ ಕೊರತೆಯನ್ನು ನೀಗುವುದೇ ಪ್ರಸ್ತುತ ಪ್ರಬಂಧದ ಉದ್ದೇಶ. (ಕೊರತೆ ಶಾಸ್ತ್ರದ್ದು, ಕಾಲಿನದಲ್ಲ.)

ಮೊದಲು ಕಾಲನಿರ್ಣಯ. ಅಮೆರಿಕದ 1890ರ ಮೆಕಿನ್ಲಿ ಸುಂಕದ ಕಾಯ್ದೆ ಬಂದ ಮೇಲೆ ಆ ದೇಶಕ್ಕೆ ಹೋಗುವ ಸರಕಿನ ಮೇಲೆ ಅದು ತಯಾರಾದ ದೇಶದ ಹೆಸರು ಇರಲೇಬೇಕಾಯಿತು. ಹೆಸರಿಲ್ಲದ ಗೊಂಬೆ ಅದಕ್ಕೂ ಹಿಂದಿನದು ಎಂದು ಕೆಲವು ಸಂಗ್ರಾಹಕರು ಹಿಗ್ಗುತ್ತಾರೆ. ಈ ಸೂತ್ರದಂತೆ, ಅಣ್ಣಿಗೇರಿ ತಾಲೂಕಿನಲ್ಲಿ ನಿನ್ನೆ ಸಂಜೆ ಮಾಡಿಟ್ಟ, ಹೊಟ್ಟೆ ಇನ್ನೂ ಹಸಿಯಿರುವ ಎತ್ತು ವಿಕ್ಟೋರಿಯಾ ರಾಣಿಯ ಕಾಲದ್ದು. ಕುಂಬಾರಜ್ಜನೊಬ್ಬನಿಗೆ ಈ ಸಂತೋಷದ ಸುದ್ದಿ ಮುಟ್ಟಿಸಿ, ಬುಡದಲ್ಲಿ ಸಹಿ ಏಕಿಲ್ಲವೆಂದು ವಿಚಾರಿಸಲಾಯಿತು. "ಸಹಿ ಹಾಕಾಕ ಇದೇನ್ ಖರೀದಿ ಪತ್ರ ಏನ್ರೀ ಸರ?" ಎಂದ. ಮೌಖಿಕ ಆಕರಗಳನ್ನು ಎಚ್ಚರದಿಂದ ಬಳಸಬೇಕೆಂದು ಹಿರಿಯರು ಹೇಳಿದ್ದು ಸುಮ್ಮನೆ ಅಲ್ಲ.

ಇನ್ನು ಪರೀಕ್ಷೆಗಳು. ಪಿಂಗಾಣಿಯನ್ನು ಉಗುರಿನಿಂದ ಮೀಟಿದರೆ ಗಂಟೆಯ ನಾದ ಬರುತ್ತದೆ; ಮಣ್ಣೆತ್ತನ್ನು ಮೀಟಿದರೆ ಕೋಡು ಬರುತ್ತದೆ. ಪಿಂಗಾಣಿಯನ್ನು ದೀಪಕ್ಕೆ ಹಿಡಿದರೆ ಬೆಳಕು ತೂರಿ ಬರುತ್ತದೆ. ಎತ್ತು ಮಾತ್ರ ದೀಪವನ್ನೇ ಮರೆಮಾಡುತ್ತದೆ. ಸುಡದ ಒಣಮಣ್ಣು ನಾಲಿಗೆಗೆ ಅಂಟುತ್ತದೆ ಎಂಬ ಮೂರನೆಯ ಪರೀಕ್ಷೆಯಲ್ಲಿ ನಮ್ಮ ಭಾಗದ ಬಸುರಿಯರೂ ಕೂಸುಗಳೂ ಯಾವ ವಿಶ್ವವಿದ್ಯಾಲಯದ ನೆರವಿಲ್ಲದೆ ಪರಿಣತಿ ಪಡೆದಿದ್ದಾರೆ. ಮೈಮೇಲಿನ ಬಿರುಕನ್ನು ನೋಡಿ ಪ್ರಾಚೀನವೆಂದು ಮರುಳಾಗಬಾರದು. ಎರಿಮಣ್ಣು ನೀರು ಕುಡಿದು ಉಬ್ಬುತ್ತದೆ, ಒಣಗಿದರೆ ಬಿರಿಯುತ್ತದೆ. ನವಲಗುಂದದ ಹೊಲಗಳಿಗೆ ಬೇಸಿಗೆಯಲ್ಲಿ ಆಗುವುದೇ ಎತ್ತಿಗೆ ಒಂದೇ ಮಧ್ಯಾಹ್ನದಲ್ಲಿ ಆಗುತ್ತದೆ. ಮೈ ಕೆಂಪಗಿದ್ದರೆ ಕೆಂಪು ಮಣ್ಣಿನ ಕಲಘಟಗಿ ಕಡೆಯದೆಂದು ಶಂಕಿಸಬಹುದು.

ಕರ್ತೃವನ್ನು ಗುರುತಿಸಲು 19ನೇ ಶತಮಾನದ ಇಟಲಿಯ ಜೊವಾನಿ ಮೊರೆಲ್ಲಿಯ ವಿಧಾನವೇ ಗತಿ. ಸಹಿಯಿಲ್ಲದ ಚಿತ್ರಗಳಲ್ಲಿ ಕಿವಿ, ಉಗುರು ಬರೆದ ಬಗೆ ನೋಡಿ ಆತ ಕಲಾವಿದನನ್ನು ಹಿಡಿಯುತ್ತಿದ್ದ. ಎತ್ತಿನ ಕಿವಿ ಚೂಪಾಗಿ, ಬೆನ್ನ ಮೇಲಿನ ಇಣಿ ಹದವಾಗಿದ್ದರೆ ಕುಂಬಾರರ ಕೈ. ಇಣಿ ತಲೆಗಿಂತ ದೊಡ್ಡದಾಗಿ, ಒಂದು ಕಣ್ಣಿಗೆ ಜೋಳದ ಕಾಳು, ಇನ್ನೊಂದಕ್ಕೆ ಕಡಲೆಬೇಳೆ ಒತ್ತಿ, ಎತ್ತೋ ನಾಯಿಯೋ ಎಂಬ ಜಿಜ್ಞಾಸೆ ಹುಟ್ಟಿಸಿದರೆ ಅದು ಮನೆಮಕ್ಕಳ ಘರಾಣೆ. (ಕಿರಾಣಾ ಘರಾಣೆಯ ಗಾಯಕ ಸವಾಯಿ ಗಂಧರ್ವರ ಕುಂದಗೋಳ ನವಲಗುಂದದ ಜಿಲ್ಲೆಯಲ್ಲೇ ಇರುವುದರಿಂದ ಈ ಪರಿಭಾಷೆಗೆ ಆಕ್ಷೇಪ ಬರಲಾರದು.)

ಮೌಲ್ಯಮಾಪನದಲ್ಲಿ ಮಾತ್ರ ಪಾಶ್ಚಾತ್ಯ ಶಾಸ್ತ್ರ ಪೂರ್ತಿ ತಲೆಕೆಳಗಾಗುತ್ತದೆ. ಪಿಂಗಾಣಿ ಗೊಂಬೆಯ ಕಿರುಬೆರಳು ಮುರಿದರೂ ಬೆಲೆ ಕುಸಿಯುತ್ತದೆ. ಇಲ್ಲಿ ಪೂಜೆ, ಹೋಳಿಗೆ ನೈವೇದ್ಯ ಮುಗಿದ ಮೇಲೆ ಹುಡುಗರು ಒಂದು ಎತ್ತಿನ ಕಾಲು ಮುರಿದು, ಕುಂಟೆತ್ತು ಬಂದಿದೆ ಎಂದು ಮನೆಮನೆಗೆ ಹಾಡುತ್ತ ಒಯ್ದು ಜೋಳ ಎತ್ತುತ್ತಾರೆ. ಸಾಬೂತು ಎತ್ತಿಗೆ ಒಂದು ಕಾಳೂ ಹುಟ್ಟುವುದಿಲ್ಲ. ಅಂದರೆ ಊನವೇ ಇಲ್ಲಿ ಬಂಡವಾಳ; ಹರಾಜು ಮನೆಗಳು ಇದನ್ನು ಗಮನಿಸಬೇಕು. ಬಳಿಕ ಸಮಗ್ರ ಸಂಗ್ರಹ ಹಳ್ಳಕ್ಕೋ ಬಾವಿಗೋ ಸೇರಿ ಕರಗುವುದರಿಂದ ಹಳೆಯ ಮಾಲು ಮಾರುಕಟ್ಟೆಗೆ ಬರುವುದೇ ಇಲ್ಲ. ನಕಲಿ ಹಾವಳಿಯೂ ಇಲ್ಲ.

ಪಿಂಗಾಣಿಯ ಲಕ್ಷಣವೆಲ್ಲ ಕೂಡಿದ ಗೊಂಬೆ ಈ ಸೀಮೆಯಲ್ಲಿ ಇಲ್ಲವೇ ಎಂದರೆ ಇದೆ: ಗೌರಿ ಹುಣ್ಣಿಮೆಯ ಸಕ್ಕರೆ ಆರತಿ. ಬಿಳುಪು, ಬೆಳಕು ಬಿಡುವ ಮೈ, ಮರದ ಅಚ್ಚಿನ ಸಂದು, ಯಾವುದಕ್ಕೂ ಕೊರತೆಯಿಲ್ಲ. ನಿಶ್ಚಯವಾದ ಹುಡುಗಿಗೆ ಗಂಡಿನ ಮನೆಯವರು ತಂದ ಒಂದು ಹರಿವಾಣವನ್ನು ಶಾಸ್ತ್ರೋಕ್ತವಾಗಿ ಪರಿಶೀಲಿಸಲಾಯಿತು. ಮೀಟುವ ಪರೀಕ್ಷೆ, ದೀಪದ ಪರೀಕ್ಷೆ ಎರಡರಲ್ಲೂ ಅದರಲ್ಲಿದ್ದ ಸಕ್ಕರೆಯ ಆನೆ ತೇರ್ಗಡೆಯಾಯಿತು. ನಾಲಿಗೆಯ ಪರೀಕ್ಷೆಯಲ್ಲಿ ಸೊಂಡಿಲು ಹೋಯಿತು. ಬೀಗರು ನೋಡುವ ಮೊದಲೇ ಆನೆಯನ್ನು ಕುದುರೆಯೆಂದು ಮರುವರ್ಗೀಕರಿಸಲಾಯಿತು.