ಕೋವಿ ಠಾಣೆಯಲ್ಲಿ, ಯುದ್ಧ ಜಗಲಿಯಲ್ಲಿ

ಚುನಾವಣೆ ಘೋಷಣೆಯಾಯಿತೆಂದರೆ ಮೂಡಿಗೆರೆ ಕಡೆಯ ಬೆಳೆಗಾರರಿಗೆ ಮೊದಲ ಕೆಲಸ, ತೋಟದ ಕೋವಿಯನ್ನು ಠಾಣೆಗೆ ಒಪ್ಪಿಸಿ ರಸೀದಿ ತರುವುದು. ಅಜ್ಜನ ಕಾಲದ ಕೋವಿ; ಮಂಗಗಳೂ ಅದಕ್ಕೆ ಹೆದರುವುದನ್ನು ಬಿಟ್ಟು ವರ್ಷಗಳಾಗಿವೆ. ಆದರೂ ಅದರಿಂದ ಪ್ರಜಾಪ್ರಭುತ್ವಕ್ಕೆ ಅಪಾಯವಂತೆ. ಯಜಮಾನರು ರಸೀದಿ ಜೇಬಿಗಿಟ್ಟು ಮನೆಗೆ ಬಂದರೆ ಜಗಲಿಯಲ್ಲಿ ಮಗ ಎಕೆಎಂ ಹಿಡಿದು ಕೂತಿರುತ್ತಾನೆ. ಅದಕ್ಕೆ ಲೈಸೆನ್ಸ್ ಬೇಡ. ಎರಡು ಕಡ್ಡಿ ಸಿಗ್ನಲ್ ಇದ್ದರೆ ಸಾಕು.

ಮಗ ಒಂಟಿಯಲ್ಲ. ಬಣಕಲ್, ಕೊಟ್ಟಿಗೆಹಾರ, ಕಳಸದ ಹುಡುಗರೆಲ್ಲ ಸೇರಿ ಬಿಜಿಎಂಐ ಎಂಬ ಮೊಬೈಲ್ ಯುದ್ಧದಾಟದಲ್ಲಿ ಕ್ಲಾನ್, ಅಂದರೆ ಗುಂಪು, ಕಟ್ಟಿಕೊಂಡಿದ್ದಾರೆ. ಆಟಕ್ಕೆ ಬಾರದ ಸದಸ್ಯನನ್ನು ಲೀಡರ್ ಮುಲಾಜಿಲ್ಲದೆ ಕಿತ್ತುಹಾಕುತ್ತಾನೆ. ನಮ್ಮ ಸಂಘಗಳಲ್ಲಿ ಸತ್ತವರನ್ನೂ ಪಟ್ಟಿಯಿಂದ ತೆಗೆಯುವ ಪದ್ಧತಿಯಿಲ್ಲ. ಅವರು ಮತ ಹಾಕಿಯೂ ಹೋಗುತ್ತಾರೆ.

ಒಂದು ಸ್ಕ್ವಾಡಿಗೆ ನಾಲ್ಕು ಜನ. ವಿಮಾನದಿಂದ ಎಲ್ಲಿ ಹಾರಬೇಕು, ಯಾವ ಮನೆಗೆ ನುಗ್ಗಬೇಕು ಎಂದು ಹೇಳುವವನು ಐಜಿಎಲ್. ಮುಂದೆ ನುಗ್ಗಿ ಬಡಿಯುವವನು ಅಸಾಲ್ಟರ್. ದೂರದಿಂದ ಗುರಿಯಿಡುವವನು ಸ್ನೈಪರ್. ಬಿದ್ದವನನ್ನು ಎಬ್ಬಿಸಿ, ತನ್ನ ಗುಂಡು-ಬ್ಯಾಂಡೇಜನ್ನು ಉಳಿದವರಿಗೆ ಕೊಡುವವನು ಸಪೋರ್ಟ್. ಈ ನಾಲ್ಕನೆಯ ಹುದ್ದೆಗೆ ನಮ್ಮ ಸಹಕಾರ ಸಂಘಗಳ ಚುನಾವಣೆಯಲ್ಲಿ ನಾಮಪತ್ರ ಸಲ್ಲಿಕೆಯಾದದ್ದನ್ನು ನಾನಂತೂ ಕಂಡಿಲ್ಲ.

ರಾತ್ರಿ ಒಂಬತ್ತಕ್ಕೆ ಸ್ಕ್ರಿಮ್ಸ್, ಅಂದರೆ ಕ್ಲಾನ್‌ಗಳ ನಡುವಿನ ಅಭ್ಯಾಸ ಪಂದ್ಯ. ಹದಿನಾರು ತಂಡ, 64 ಜನ. ರೂಂ ಐಡಿ, ಪಾಸ್‌ವರ್ಡ್ ಬರುವುದು ಕೊನೆಯ ಗಳಿಗೆಯಲ್ಲಿ. ತಡವಾದರೆ ಜಾಗ ಬೇರೆಯವರ ಪಾಲು, ಎಂಎಲ್‌ಎ ಕಡೆಯಿಂದ ಫೋನ್ ಮಾಡಿಸಿದರೂ ಸಿಗುವುದಿಲ್ಲ. ಬೆಳಗ್ಗೆ ಎಬ್ಬಿಸಲು ಅವ್ವ ಮೂರು ಸಲ ಕೂಗಬೇಕಾದ ಹುಡುಗ ಇಲ್ಲಿ ಐದು ನಿಮಿಷ ಮುಂಚೆಯೇ ಹಾಜರ್. ಗೆದ್ದ ತಂಡಕ್ಕೆ 10 ಅಂಕ, ಎರಡನೆಯದಕ್ಕೆ 6, ಒಬ್ಬನನ್ನು ಉರುಳಿಸಿದರೆ 1. ಲೆಕ್ಕ ಸರಿಯಾಗಿ ನೋಡಿ: ಒಂದೂ ಗುಂಡು ಹಾರಿಸದೆ ಹುಲ್ಲಿನಲ್ಲಿ ಮಲಗಿದ್ದು ಕೊನೆಯ ಎರಡು ತಂಡಗಳಲ್ಲೊಂದಾಗಿ ಉಳಿದರೂ ಆರು ಅಂಕ ಗಿಟ್ಟುತ್ತದೆ. ಈ ತಂತ್ರವನ್ನು ನಮ್ಮ ಪಂಚಾಯಿತಿ ಸದಸ್ಯರು ಆಟ ಬರುವ ಮೊದಲೇ ಕಂಡುಹಿಡಿದಿದ್ದರು.

ಗೆದ್ದಾಗ ಪರದೆಯ ಮೇಲೆ ಚಿಕನ್ ಡಿನ್ನರ್ ಎಂದು ಬರುತ್ತದೆ. ಕಳಸದ ಅಗ್ರಹಾರದ ಹುಡುಗರು ವಾರಕ್ಕೆ ಹತ್ತು ಸಲ ಅದನ್ನು ಗೆದ್ದು, ಅಜ್ಜಿಗೆ ಮಾತ್ರ ಬರೀ ‘ಗೆದ್ದೆ’ ಎನ್ನುತ್ತಾರೆ.

ಸರ್ಕಾರವೂ ಈ ಕ್ಲಾನ್‌ಗಳನ್ನು ಒಡೆಯಲು ನೋಡಿತು. 2020ರ ಸೆಪ್ಟೆಂಬರ್ 2ರಂದು ಪಬ್‌ಜಿ ನಿಷೇಧವಾಯಿತು. ಹುಡುಗರು ಫ್ರೀ ಫೈರ್‌ಗೆ ಹೋದರು. 2022ರ ಫೆಬ್ರುವರಿಯಲ್ಲಿ ಅದೂ ಹೋಯಿತು. ಅಷ್ಟರಲ್ಲಿ, 2021ರ ಜುಲೈನಲ್ಲಿ, ಪಬ್‌ಜಿಯೇ ಬಿಜಿಎಂಐ ಎಂಬ ಹೊಸ ಹೆಸರಿನಲ್ಲಿ ಬಂದಿತ್ತು, ಮರುವರ್ಷ ಜುಲೈನಲ್ಲಿ ಮಾಯವಾಯಿತು, 2023ರ ಮೇನಲ್ಲಿ ಮತ್ತೆ ಪ್ರತ್ಯಕ್ಷ. ಇಷ್ಟು ಪಕ್ಷಾಂತರದಲ್ಲೂ ಕ್ಲಾನ್ ಒಟ್ಟಾಗಿಯೇ ಇತ್ತು. ಜಿಲ್ಲೆ ತುಂಬ ರೆಸಾರ್ಟ್ ಇದ್ದರೂ ಲೀಡರ್ ಯಾರನ್ನೂ ಅಲ್ಲಿ ಕೂಡಿಹಾಕಲಿಲ್ಲ.

ಇವರಿಗೆ ಸರಿಸಾಟಿಯಾದ ಸಂಘಟನೆ ಈ ಸೀಮೆಯಲ್ಲಿ ಇನ್ನೊಂದೇ: ಬೀಟಮ್ಮ ಎಂಬ ಹೆಣ್ಣಾನೆಯ ಗುಂಪು. ಅಲ್ಲೂ ಲೀಡರ್ ಮಾತೇ ಕೊನೆ, ಅಲ್ಲೂ ಎಲ್ಲರೂ ಒಟ್ಟಿಗೇ ನುಗ್ಗುತ್ತಾರೆ. ಆನೆ ಕಾರ್ಯಪಡೆಯವರು ‘ಇಂಥ ತೋಟದಲ್ಲಿ ಆನೆ ಇದೆ, ಎಚ್ಚರ’ ಎಂದು ವಾಟ್ಸ್‌ಆ್ಯಪಿನಲ್ಲಿ ಸಂದೇಶ ಹಾಕಿದರೆ ಬೆಳೆಗಾರರು ಅದರ ಕೆಳಗೆ ಗುಡ್ ಮಾರ್ನಿಂಗ್ ಹೂವು ಕಳಿಸುತ್ತಾರೆ. ಕ್ಲಾನಿನಲ್ಲಿ ‘ಎಡಗಡೆ ಗುಡ್ಡದ ಹಿಂದೆ ಇಬ್ಬರು’ ಎಂದರೆ ಅರೆಕ್ಷಣದಲ್ಲಿ ನಾಲ್ವರೂ ಎಡಕ್ಕೆ. ಕ್ಲಾನನ್ನು ಮಣಿಸಬಲ್ಲದ್ದು ಆಷಾಢದ ಮಳೆ ಮಾತ್ರ. ಕರೆಂಟು ಹೋಗಿ, ಟವರಿನ ಬ್ಯಾಟರಿ ಇಳಿದರೆ ಲೀಡರ್ ನಿಂತಲ್ಲೇ ಕಲ್ಲಾಗುತ್ತಾನೆ, ಬಂದವರೆಲ್ಲ ಹೊಡೆದು ಹೋಗುತ್ತಾರೆ. ಮಳೆ ನಿಂತರೆ ಹುಡುಗರು ಸಿಗ್ನಲ್ ಹುಡುಕಿ ಗುಡ್ಡ ಹತ್ತುತ್ತಾರೆ. ಕೊರೊನಾ ಕಾಲದಲ್ಲಿ ಆನ್‌ಲೈನ್ ಪಾಠಕ್ಕೆ ಸಿಗ್ನಲ್ ಸಿಗದು ಎಂದು ಕೊಡೆ ಹಿಡಿದು ಕೂತು ಪತ್ರಿಕೆಯಲ್ಲಿ ಫೋಟೊ ಹಾಕಿಸಿಕೊಂಡದ್ದು ಇಂಥ ಗುಡ್ಡಗಳ ಮೇಲೆಯೇ. ಯಾವ ಬಂಡೆಯ ಮೇಲೆ ಎಷ್ಟು ಕಡ್ಡಿ ಎಂಬ ಜ್ಞಾನ ಹುಡುಗರಿಗೆ ಪಾಠದಿಂದ ದಕ್ಕಿದ್ದು ಹೀಗೆ.

ಬಿಜಿಎಂಐ ಮರಳಿ ಬಂದಾಗ ಹದಿನೆಂಟು ತುಂಬದವರಿಗೆ ದಿನಕ್ಕೆ 3 ಗಂಟೆ, ದೊಡ್ಡವರಿಗೆ 6 ಗಂಟೆ ಎಂಬ ಮಿತಿ ಹಾಕಿದರು. ಹುಡುಗರು ವಾದಕ್ಕೆ ಹೋಗಲಿಲ್ಲ. ಅಪ್ಪನ ಫೋನು, ಅಪ್ಪನ ಹುಟ್ಟಿದ ದಿನಾಂಕ. ಹಾಗಾಗಿ ದಾಖಲೆಯ ಪ್ರಕಾರ ಈ ಕ್ಲಾನಿನ ಅರ್ಧ ಸದಸ್ಯರು ಐವತ್ತು ದಾಟಿದ ಕಾಫಿ ಬೆಳೆಗಾರರು. ಮಹಾಸಭೆಗೆ ಕೋರಂ ಇಲ್ಲವೆಂದು ಗೋಳಾಡುವ ಸಂಘದ ಪದಾಧಿಕಾರಿಗಳು ದಯವಿಟ್ಟು ಗಮನಿಸಬೇಕು: ಮುಂದಿನ ಸಲ ನೋಟಿಸು ಕಳಿಸಬೇಡಿ, ರೂಂ ಐಡಿ ಕಳಿಸಿ.