ಸ್ಟೇರಿಂಗ್ ಬಾಕ್ಸಿನ ಪರವಾಗಿ ಒಂದು ವಕಾಲತ್ತು

ಹಳೆಯ ಜೀಪು ಹೇಳಿದ ಮಾತನ್ನು ಕೂಡಲೇ ಕೇಳುವುದಿಲ್ಲ. ಸ್ಟೇರಿಂಗ್ ತಿರುಗಿಸಿದ ಮೇಲೆ ಕೊಂಚ ಯೋಚನೆ ಮಾಡಿ, ಮನಸ್ಸು ಬಂದರೆ ತಿರುಗುತ್ತದೆ. ಕೊಡಚಾದ್ರಿಯ ಕಲ್ಲುದಾರಿಯಲ್ಲೋ ಮಾಂದಲಪಟ್ಟಿಯ ಏರಿನಲ್ಲೋ ವರ್ಷಗಟ್ಟಲೆ ದುಡಿದ ಗಾಡಿಗೆ ಇದು ಸಹಜ. ಸಹಜವಲ್ಲದ್ದು ನಾವು ಮಾಡುವ ಚಿಕಿತ್ಸೆ. ‘ಪ್ಲೇ ಜಾಸ್ತಿ ಆಗಿದೆ’ ಅಂದ ತಕ್ಷಣ ಎಲ್ಲರ ಕಣ್ಣೂ ಸ್ಟೇರಿಂಗ್ ಬಾಕ್ಸಿನ ಮೇಲೆ. ಅದರಲ್ಲೊಂದು ಸ್ಕ್ರೂ ಇದೆ, ಲಾಕ್‌ನಟ್ ಸಡಿಲಿಸಿ ಎರಡು ತಿರುವು ಬಿಗಿದರೆ ಕೆಲಸ ಮುಗಿಯಿತು. ಬಟ್ಟೆಗೆ ಮಣ್ಣೂ ಅಂಟುವುದಿಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗೆ. ಪಾಪ, ಆ ಬಾಕ್ಸ್ ಬಹಳಷ್ಟು ಸಲ ನಿರಪರಾಧಿ.

ಸಾಕ್ಷಿ ಬೇಕೆಂದರೆ ಲೆಕ್ಕ ಹಾಕೋಣ. ವಿಲ್ಲಿಸ್ ವಂಶದ ಹಳೆಯ ಜೀಪಿನಲ್ಲಿ ಬಾಕ್ಸಿನಿಂದ ಗಾಲಿಯವರೆಗೆ ಅಪ್ಪಣೆ ನೇರವಾಗಿ ಹೋಗುವುದಿಲ್ಲ, ಸರ್ಕಾರಿ ಕಡತದಂತೆ ಮೇಜಿನಿಂದ ಮೇಜಿಗೆ ಹೋಗುತ್ತದೆ. ಡ್ರ್ಯಾಗ್ ಲಿಂಕಿನ ಎರಡು ತುದಿ, ನಡುವೆ ಬೆಲ್‌ಕ್ರ್ಯಾಂಕಿನ ಬೇರಿಂಗ್, ಆಮೇಲೆ ಟೈರಾಡಿನ ಎರಡು ತುದಿ: ಒಂದು ಗಾಲಿಗೆ ಐದು ಕೀಲು. ಒಂದೊಂದರಲ್ಲೂ ಅರ್ಧ ಮಿಲಿಮೀಟರ್ ಸವೆತ ಎಂದುಕೊಳ್ಳಿ. ಬಿಡಿಯಾಗಿ ನೋಡಿದರೆ ಪ್ರತಿಯೊಂದೂ ‘ಇನ್ನೊಂದು ಮಳೆಗಾಲ ಓಡುತ್ತೆ’ ಎನ್ನುವಂತಿರುತ್ತದೆ. ಕೂಡಿದರೆ ಎರಡೂವರೆ ಮಿಲಿಮೀಟರ್. ಗಾಲಿಯನ್ನು ತಿರುಗಿಸುವ ತೋಳು 15 ಸೆಂಟಿಮೀಟರ್ ಇದ್ದರೆ ಅದು ಸುಮಾರು ಒಂದು ಡಿಗ್ರಿ. ಬಾಕ್ಸಿನ ಅನುಪಾತ ನಡುಭಾಗದಲ್ಲಿ 12ಕ್ಕೆ 1. ಅಂದರೆ ಚಾಲಕನ ಕೈಯಲ್ಲಿ ಅದು 12 ಡಿಗ್ರಿ, ಸ್ಟೇರಿಂಗಿನ ಅಂಚಿನಲ್ಲಿ ನಾಲ್ಕು ಸೆಂಟಿಮೀಟರಿಗೂ ಹೆಚ್ಚು. ಬಾಕ್ಸಿನಲ್ಲಿ ಕೂದಲೆಳೆಯಷ್ಟೂ ಸವೆತ ಇಲ್ಲದೆಯೇ ಇಷ್ಟು ಆಟ! ಅದನ್ನು ಬಿಗಿದು ಪ್ರಯೋಜನವೇನು? ಪ್ರಯೋಜನವಿಲ್ಲದಿದ್ದರೆ ಹೋಗಲಿ, ಅಪಾಯವೂ ಉಂಟು. ಗಾಡಿ ಬಹುಪಾಲು ನೆಟ್ಟಗೆ ಓಡುವುದರಿಂದ ಬಾಕ್ಸು ಸವೆದರೂ ನಡುಭಾಗದಲ್ಲೇ ಸವೆಯುತ್ತದೆ, ಅಕ್ಕಪಕ್ಕ ಗಟ್ಟಿಯಾಗಿರುತ್ತದೆ. ನಡುವಿಗೆ ಹೊಂದುವಂತೆ ಬಿಗಿದರೆ ಹೇರ್‌ಪಿನ್ ತಿರುವಿನಲ್ಲಿ, ಸ್ಟೇರಿಂಗ್ ಪೂರ್ತಿ ತಿರುಗಿಸಬೇಕಾದ ಜಾಗದಲ್ಲೇ, ಅದು ಮುಷ್ಕರ ಹೂಡುತ್ತದೆ.

‘ಜೀಪು ಅಂದಮೇಲೆ ಅಷ್ಟು ಪ್ಲೇ ಇರಲೇಬೇಕು, ಘಾಟಿ ಡ್ರೈವರುಗಳು ಅದರಲ್ಲೇ ಓಡಿಸುತ್ತಿಲ್ಲವೇ?’ ಎನ್ನುವವರಿದ್ದಾರೆ. ಓಡಿಸುತ್ತಾರೆ, ನಿಜ. ಅದು ಡ್ರೈವರಿಗೆ ಸಲ್ಲಬೇಕಾದ ಹೊಗಳಿಕೆ, ಟೈರಾಡಿಗಲ್ಲ. ಪವರ್ ಸ್ಟೇರಿಂಗ್ ಹಾಕಿಸಿದರಾಯಿತು ಎನ್ನುವುದು ಇನ್ನೊಂದು ಸಲಹೆ. ಕೀಲು ಸವೆದೇ ಇದ್ದರೆ ಕೈನೋವು ಕಡಿಮೆಯಾಗುತ್ತದೆಯೇ ಹೊರತು ಗಾಡಿಯ ಅಡ್ಡಾಟವಲ್ಲ. ಖರ್ಚಿನ ಮಾತು ಮಾತ್ರ ತೂಕದ್ದು. ಎಲ್ಲವನ್ನೂ ಒಟ್ಟಿಗೆ ಬದಲಾಯಿಸಲು ಎಲ್ಲರಿಗೂ ಆಗದು. ಆದರೆ ತಪ್ಪಿತಸ್ಥರನ್ನು ಪತ್ತೆ ಮಾಡುವುದಕ್ಕೆ ಕಾಸು ಬೇಡ. ಗಾಲಿಗಳು ನೆಲದ ಮೇಲೇ ಇರಲಿ. ಒಬ್ಬರು ಸ್ಟೇರಿಂಗನ್ನು ಎಡಕ್ಕೂ ಬಲಕ್ಕೂ ಮೆಲ್ಲನೆ ಆಡಿಸಲಿ, ಇನ್ನೊಬ್ಬರು ಕೆಳಗೆ ಮಲಗಿ ಒಂದೊಂದು ಕೀಲಿನ ಮೇಲೂ ಬೆರಳಿಡಲಿ. ಒಂದು ಪಕ್ಕ ಅಲುಗಿ ಇನ್ನೊಂದು ಪಕ್ಕ ಸುಮ್ಮನಿದ್ದರೆ ಕಳ್ಳ ಸಿಕ್ಕ. ಆಮೇಲೆ ಗಾಲಿಯನ್ನು ಜಾಕಿನ ಮೇಲೆತ್ತಿ, ಮೇಲೂ ಕೆಳಗೂ ಹಿಡಿದು ಅಲ್ಲಾಡಿಸಿ. ಅಲುಗಾಟ ಬ್ರೇಕ್ ಒತ್ತಿದಾಗ ನಿಂತರೆ ವೀಲ್ ಬೇರಿಂಗ್ ಸಡಿಲ. ಒತ್ತಿದರೂ ಉಳಿದರೆ ಕಿಂಗ್‌ಪಿನ್ನನ್ನು ವಿಚಾರಿಸಬೇಕು.

ಮೊದಲು ಕೀಲುಗಳು, ಕೊನೆಗೆ ಬಾಕ್ಸ್. ಟೈರಾಡ್ ತುದಿ ಬದಲಾಯಿಸಿದ ಮೇಲೆ ಅಲೈನ್‌ಮೆಂಟ್ ನೋಡಿಸದೆ ಗಾಡಿ ತೆಗೆಯಬೇಡಿ, ಹೊಸ ಟೈರು ಬೇಗ ಬೋಳಾಗುತ್ತದೆ. ಇನ್ನೊಂದು ಮಾತು: ನಟ್ಟಿನ ಸ್ಪ್ಲಿಟ್ ಪಿನ್ ಹೊಸದನ್ನೇ ಹಾಕಿಸಿ. ಹಳೆಯದನ್ನು ಸುತ್ತಿಗೆಯಲ್ಲಿ ನೆಟ್ಟಗೆ ಮಾಡಿ ಮತ್ತೆ ತೂರಿಸುವ ಜಾಣರು ಎಲ್ಲ ಗ್ಯಾರೇಜಿನಲ್ಲೂ ಒಬ್ಬರಿರುತ್ತಾರೆ. ಪಕ್ಕದಲ್ಲೇ ನಿಂತು ನೋಡಿಕೊಳ್ಳಿ.