ಸವಳಂಗದ ಕೆರೆ ಯಾವ ಫೋಲ್ಡರಿಗೆ?

ನಮ್ಮ ಮನೆಯಲ್ಲಿ ಫೋಟೊಗಳಿಗೆ ಬರವಿಲ್ಲ, ಬೇಕಾದಾಗ ಬೇಕಾದ ಫೋಟೊ ಸಿಗುವುದಕ್ಕೆ ಮಾತ್ರ ಬರ. ಚಾರ್ಜ್ ನಿಲ್ಲದ ಹಳೇ ಮೊಬೈಲುಗಳಲ್ಲಿ, ಮೆಮೊರಿ ಕಾರ್ಡುಗಳಲ್ಲಿ, ಮದುವೆಗೆ ಬಂದ ಸ್ಟುಡಿಯೋದವರು ಕೊಟ್ಟುಹೋದ ಸಿ.ಡಿ.ಗಳಲ್ಲಿ, ಯಾರದೋ ಪೆನ್‌ಡ್ರೈವಿನಲ್ಲಿ ನಮ್ಮ ವಂಶದ ಚರಿತ್ರೆ ಹಂಚಿಹೋಗಿದೆ. ಹಿರಿಯರು ಯಾರಾದರೂ ತೀರಿಕೊಂಡಾಗ ಪೇಪರಿಗೆ ಕೊಡೋಣವೆಂದು ಹುಡುಕಿದರೆ ಕೈಗೆ ಸಿಗುವುದು ಆಧಾರ್ ಕಾರ್ಡಿನ ಫೋಟೊ ಒಂದೇ. ಅದರಲ್ಲಂತೂ ಮನುಷ್ಯ ಬದುಕಿದ್ದಾಗಲೇ ಹೋದವರ ಹಾಗೆ ಕಾಣುತ್ತಾನೆ.

ಬೆಂಗಳೂರಿನಲ್ಲಿ ಕಂಪ್ಯೂಟರ್ ಕೆಲಸದಲ್ಲಿರುವ ಅಕ್ಕನ ಮಗ ಹಬ್ಬಕ್ಕೆ ಊರಿಗೆ ಬಂದವನು, "ಮಾವ, ಎಲ್ಲಾನೂ ಒಂದು ಕಡೆ ಹಾಕಿಬಿಡಾಣ" ಎಂದು ಕೂತ. ಹಿಂದೆ ಈ ಕೆಲಸಕ್ಕೆ ಪಿಕಾಸಾ ಇತ್ತು. 2004ರಲ್ಲಿ ಗೂಗಲ್ ಅದನ್ನು ಕೊಂಡುಕೊಂಡು, ಜನ ಒಗ್ಗಿಹೋದ ಮೇಲೆ 2016ರಲ್ಲಿ ಬಾಗಿಲು ಹಾಕಿತು. ಗೂಗಲ್ ಫೋಟೋಸ್‌ನಲ್ಲಿ ಎಷ್ಟು ಬೇಕಾದರೂ ತುಂಬಿರಿ ಎನ್ನುತ್ತಿದ್ದವರು 2021ರ ಜೂನ್‌ನಿಂದ 15 ಜಿ.ಬಿ. ದಾಟಿದರೆ ಬಾಡಿಗೆ ಎಂದರು. ಅದಕ್ಕೇ ಅಳಿಯ ಡಿಜಿಕ್ಯಾಮ್ ಎಂಬ ಸಾಫ್ಟ್‌ವೇರ್ ಹಾಕಿದ. ಫೋಟೊಗಳು ನಮ್ಮ ಡಿಸ್ಕಿನಲ್ಲೇ ಇರುತ್ತವೆ, ಯಾರಿಗೂ ಕಾಸು ಕೊಡುವ ಹಾಗಿಲ್ಲ. ಪುಕ್ಕಟೆ ಎಂದ ಕೂಡಲೇ ಅವ್ವನ ಒಪ್ಪಿಗೆಯೂ ಸಿಕ್ಕಿತು.

ಮೊದಲು ಇಂಪೋರ್ಟ್. ಕ್ಯಾಮೆರಾದ ಕಾರ್ಡ್ ಚುಚ್ಚಿದರೆ ಒಳಗೆ ಡಿಸಿಐಎಂ ಎಂಬ ಫೋಲ್ಡರ್. ಅದರೊಳಗಿನ ಫೋಟೊಗಳಿಗೆಲ್ಲ ನಾಲ್ಕು ಅಕ್ಷರ, ನಾಲ್ಕು ಅಂಕಿಯ ಹೆಸರು. ಜಪಾನಿನವರು ಮಾಡಿದ ಈ ನಿಯಮದಲ್ಲಿ ಅಂಕಿ 9999 ಮುಟ್ಟಿದ ಮೇಲೆ ಮತ್ತೆ 0001ರಿಂದ ಶುರು. ಹೀಗಾಗಿ ಅಣ್ಣನ ಮಗಳ ನಾಮಕರಣಕ್ಕೂ ಮೆಕ್ಕೆಜೋಳದ ರಾಶಿಗೂ ಒಂದೇ ಹೆಸರು. "ಈ ಹೆಸರಿನದು ಆಗಲೇ ಇದೆ, ಅದನ್ನು ತೆಗೆದು ಇದನ್ನು ಹಾಕಲೇ?" ಎಂದು ಕಂಪ್ಯೂಟರ್ ಕೇಳುತ್ತದೆ. ಹೂಂ ಅಂದರೆ ಮಗುವಿನ ಜಾಗದಲ್ಲಿ ಮೆಕ್ಕೆಜೋಳ. ಒಳಗೆ ತರುವಾಗಲೇ ತೆಗೆದ ದಿನ, ಗಂಟೆ, ನಿಮಿಷ ಸೇರಿಸಿ ಹೊಸ ಹೆಸರಿಡು ಎಂದು ಅದಕ್ಕೆ ಹೇಳಿಬಿಟ್ಟರೆ ಈ ಜಗಳ ಮುಗಿಯಿತು.

ಆದರೆ ದಿನ ಸರಿ ಇರಬೇಕಲ್ಲ? ಬ್ಯಾಟರಿ ತೆಗೆದು ಬಹಳ ದಿನ ಬೀರುವಿನಲ್ಲಿಟ್ಟ ಕ್ಯಾಮೆರಾ ಇಸವಿ ಮರೆತು ಜನವರಿ 1ಕ್ಕೆ ಹೋಗಿ ಕೂತಿರುತ್ತದೆ. ಅದು ಹೇಳುವುದನ್ನು ನಂಬಿದರೆ ನಮ್ಮ ಮನೆಯ ಎರಡು ಗೃಹಪ್ರವೇಶ, ಒಂದು ಸೀಮಂತ, ಒಂದು ತಿಥಿ ಎಲ್ಲಾ ಒಂದೇ ದಿನ ನಡೆದಿವೆ. ಇದನ್ನು ಬಿಡಿಸಲು ಅವ್ವನನ್ನು ಕರೆದೆವು.

"ಇದು ಕೆರೆ ಕೋಡಿ ಬಿದ್ದ ವರ್ಷದ್ದು. ಹಿಂದೆ ನೋಡು, ನೀರು ಎಲ್ಲೀತನಕ ಬಂದೈತೆ."

"ಯಾವ ವರ್ಷ ಅಜ್ಜಿ ಅದು?"

"ಗೌರಿ ಎರಡನೇ ಕರು ಹಾಕಿದ ವರ್ಷ."

"ಗೌರಿ ಕರು ಹಾಕಿದ್ದು ಯಾವಾಗ?"

"ನಿಂಗೆ ಹಲ್ಲು ಬಂದಿದ್ವಲ್ಲೋ, ಆವಾಗ."

ಅಳಿಯ ತನಗೆ ಹಲ್ಲು ಬಂದದ್ದು ಯಾವಾಗ ಎಂದು ಅವರಮ್ಮನಿಗೆ ಫೋನ್ ಮಾಡಿ ಕೇಳಿಕೊಂಡ. ಒಂದು ಫೋಟೊದ ಇಸವಿ ಗೊತ್ತಾದರೆ ಸಾಕು, ಆ ಕಾರ್ಡಿನ ಅಷ್ಟೂ ಫೋಟೊಗಳನ್ನು ಅದೇ ಲೆಕ್ಕದಲ್ಲಿ ಮುಂದಕ್ಕೆ ಸರಿಸುವ ಸವಲತ್ತು ಡಿಜಿಕ್ಯಾಮ್‌ನಲ್ಲಿದೆ. ಕೆರೆಯ ನೀರು ನೋಡಿ ಇಸವಿ ಹೇಳುವ ಸವಲತ್ತು ಇನ್ನೂ ಬಂದಿಲ್ಲ.

ಕೆರೆ ಎಂದೆನಲ್ಲ, ನಿಜವಾದ ಫಜೀತಿ ಶುರುವಾದದ್ದು ಅಲ್ಲೇ. ಶಿವಮೊಗ್ಗದಿಂದ ಶಿಕಾರಿಪುರದ ಕಡೆ ಹೊರಟವರು ನಮ್ಮ ಕೆರೆ ಕಂಡರೆ ಗಾಡಿ ನಿಲ್ಲಿಸಿ ಫೋಟೊ ತೆಗೆಸಿಕೊಳ್ಳುತ್ತಾರೆ. ಇನ್ನು ಊರವರಾದ ನಾವು ಬಿಟ್ಟೇವೆಯೇ? ಹಾಗಾಗಿ ಕೆರೆಯ ಫೋಟೊಗಳೇ ಒಂದು ರಾಶಿ. ಅಳಿಯ ಜಿಲ್ಲೆ, ಅದರೊಳಗೆ ತಾಲ್ಲೂಕು, ಅದರೊಳಗೆ ಊರು ಎಂದು ಟ್ಯಾಗುಗಳನ್ನು ಜೋಡಿಸುತ್ತ, "ಮಾವ, ಸವಳಂಗ ಯಾವ ಜಿಲ್ಲೆ ಬರಕೊಳ್ಳಲಿ?" ಎಂದ. ಸ್ಕ್ಯಾನ್ ಮಾಡಿಸಿದ ಹಳೇ ಫೋಟೊಗಳ ಕಾಲಕ್ಕೆ ನಾವು ಶಿವಮೊಗ್ಗ ಜಿಲ್ಲೆ, ಹೊನ್ನಾಳಿ ತಾಲ್ಲೂಕು. 1997ರ ಆಗಸ್ಟ್ 15ರಂದು ದಾವಣಗೆರೆ ಜಿಲ್ಲೆ ಆಯಿತು, ಚನ್ನಗಿರಿಯ ಜೊತೆ ಹೊನ್ನಾಳಿಯೂ ಅತ್ತ ಹೋಯಿತು. 2018ರಲ್ಲಿ ನ್ಯಾಮತಿ ತಾಲ್ಲೂಕಾಯಿತು, ನಾವು ಹೊನ್ನಾಳಿಯನ್ನೂ ಬಿಟ್ಟೆವು. ಕೆರೆ ಇದ್ದಲ್ಲೇ ಇದೆ, ಅದಕ್ಕೆ ಫೋಲ್ಡರ್ ಮಾತ್ರ ಮೂರು. ಮೂರರಲ್ಲೂ ಅದೇ ಏರಿ, ಅದೇ ನೀರು. ಏರಿ ಮೇಲೆ ನಿಂತವರ ತಲೆಗೂದಲು ಮಾತ್ರ ಫೋಲ್ಡರಿನಿಂದ ಫೋಲ್ಡರಿಗೆ ಕಡಿಮೆಯಾಗಿದೆ.

ಪುಣ್ಯಕ್ಕೆ ನಮಗೆ ಹರಪನಹಳ್ಳಿಯಲ್ಲಿ ನೆಂಟರಿಲ್ಲ. ಆ ತಾಲ್ಲೂಕು ಬಳ್ಳಾರಿಯಿಂದ ದಾವಣಗೆರೆಗೆ ಬಂತು, 2018ರಲ್ಲಿ ವಾಪಸ್ ಬಳ್ಳಾರಿಗೆ ಹೋಯಿತು, 2021ರಲ್ಲಿ ವಿಜಯನಗರಕ್ಕೆ ಸೇರಿತು. ಅಲ್ಲಿಯವರು ಫೋಟೊ ಜೋಡಿಸುವ ಕೆಲಸಕ್ಕೆ ಇಳಿದರೆ ಕಂದಾಯ ಇಲಾಖೆಯಿಂದ ಒಬ್ಬರನ್ನು ಎರವಲು ತರಬೇಕಾದೀತು. ನಮ್ಮಲ್ಲಿ ಕೊನೆಗೆ ಜಿಲ್ಲೆ ತಾಲ್ಲೂಕು ಎರಡನ್ನೂ ಕಿತ್ತುಹಾಕಿ ಬರೀ 'ಸವಳಂಗ' ಎಂದು ಬರೆದೆವು. ಸರ್ಕಾರ ನಾಳೆ ಏನು ಬೇಕಾದರೂ ಮಾಡಿಕೊಳ್ಳಲಿ.

ಮುಂದೆ ಮುಖಗಳು. ಈ ಸಾಫ್ಟ್‌ವೇರ್ ಫೋಟೊದೊಳಗಿನ ಒಂದೊಂದು ಮುಖಕ್ಕೂ ಚೌಕ ಹಾಕಿ ಯಾರೆಂದು ಕೇಳುತ್ತದೆ. ನಾಲ್ಕಾರು ಸಲ ಹೆಸರು ಹೇಳಿಕೊಟ್ಟರೆ ಆಮೇಲೆ ತಾನೇ ಗುರುತು ಹಿಡಿಯುತ್ತದೆ. ಎಲ್ಲಾ ಮುಗಿದ ಮೇಲೆ ಲೆಕ್ಕ ತೆಗೆದರೆ ನಮ್ಮ ಮನೆಯ ಕಾರ್ಯಗಳಲ್ಲಿ ತಪ್ಪದೆ ಹಾಜರಿದ್ದವರು ನಮ್ಮಜ್ಜ. ತೀರಿಕೊಂಡು ಎಷ್ಟೋ ವರ್ಷವಾದ ಅವರು ನಡುಮನೆಯ ಗೋಡೆಯ ಮೇಲೆ ಹಾರ ಹಾಕಿಕೊಂಡು ಪ್ರತಿ ಫೋಟೊದಲ್ಲೂ ಇದ್ದಾರೆ. ಅವರ ಬಿಟ್ಟರೆ ಸಿದ್ಧಗಂಗೆಯ ಶಿವಕುಮಾರ ಸ್ವಾಮೀಜಿ, ಕ್ಯಾಲೆಂಡರಿನಲ್ಲಿ. 2019ರಲ್ಲಿ ಲಿಂಗೈಕ್ಯರಾದ ಮೇಲೂ ನಮ್ಮ ಮನೆಯ ಯಾವ ಆರತಿಯನ್ನೂ ಅವರು ತಪ್ಪಿಸಿಲ್ಲ.

ಹಾಜರಿ ಪುಸ್ತಕ ಸಿಕ್ಕಿದ ಮೇಲೆ ಅತ್ತಿಗೆ ಸುಮ್ಮನಿರುತ್ತಾರೆಯೇ? "ಹೋದ ಅಜ್ಜನೇ ಎಲ್ಲದಕ್ಕೂ ಬಂದಾರೆ, ನಿಮ್ಮ ಚಿಕ್ಕಪ್ಪ ಮಾತ್ರ ಒಂದಕ್ಕೂ ಬಂದಿಲ್ಲ ನೋಡ್ರಿ" ಎಂದರು. ಚಿಕ್ಕಪ್ಪನ ಹೆಸರಿನ ಮುಂದೆ ನಿಜಕ್ಕೂ ಸೊನ್ನೆ. ಅವ್ವ ಕನ್ನಡಕ ಸರಿಮಾಡಿಕೊಂಡು ಊಟದ ಪಂಕ್ತಿಯ ಫೋಟೊಗಳನ್ನು ತೆರೆಸಿದರು. ಎರಡನೇ ಎಲೆ, ಐದನೇ ಎಲೆ, ಕೊನೆಯ ಎಲೆ ಎಂದು ಬೆರಳಿಟ್ಟು ತೋರಿಸಿದರು. ಪ್ರತಿ ಸಲವೂ ಹೋಳಿಗೆ ಮೇಲೆ ಬಾಗಿದ ಅದೇ ಬೋಳು ನೆತ್ತಿ. ಮುಖ ಎತ್ತಿದರೆ ತಾನೇ ಯಂತ್ರಕ್ಕೆ ಗುರುತು ಸಿಗುವುದು! ನಾವು ಆ ನೆತ್ತಿಗಳಿಗೆಲ್ಲ ಕೈಯಾರೆ ಚೌಕ ಎಳೆದು ಹೆಸರು ಬರೆದೆವು. ಅತ್ತಿಗೆಯ ದೂರು ವಜಾ ಆಯಿತು.

ಇಷ್ಟಾಗಿಯೂ ದಾರಿಗೆ ಬಾರದೆ ಉಳಿದದ್ದು ವಾಟ್ಸ್ಯಾಪಿನ ರಾಶಿ. ಅಲ್ಲಿಂದ ಬಂದ ಫೋಟೊ ಸಣ್ಣದಾಗುತ್ತದೆ, ತೆಗೆದ ದಿನ, ಜಾಗ ಎರಡನ್ನೂ ದಾರಿಯಲ್ಲೇ ಕಳೆದುಕೊಳ್ಳುತ್ತದೆ. ಹೆಸರಿನಲ್ಲಿ ಉಳಿಯುವುದು ಕಳಿಸಿದ ದಿನ ಮಾತ್ರ. ಹೋದ ವರ್ಷ ಯಾರೋ ಕಳಿಸಿದ ನಮ್ಮ ಮದುವೆಯ ಫೋಟೊ ಪ್ರಕಾರ ನಮ್ಮ ಮದುವೆ ನಡೆದದ್ದು ಹೋದ ವರ್ಷ. ಮಗಳು ಆಗಲೇ ಡಿಗ್ರಿ ಓದುತ್ತಿದ್ದಾಳೆ, ಯಾರಿಗೆ ಏನೆಂದು ಉತ್ತರ ಹೇಳೋಣ?

ಆದ್ದರಿಂದ ಬಂಧುಬಳಗದವರಲ್ಲಿ ಒಂದು ವಿನಂತಿ. ಮುಂದಿನ ಕಾರ್ಯಕ್ಕೆ ಮೊದಲು ಕ್ಯಾಮೆರಾದ ತಾರೀಖು ಸರಿಮಾಡಿಕೊಳ್ಳಿ. ವಾಟ್ಸ್ಯಾಪಿನಲ್ಲಿ ಕಳಿಸುವಾಗ ಫೋಟೊ ಎಂದು ಕಳಿಸಬೇಡಿ, ಡಾಕ್ಯುಮೆಂಟ್ ಎಂದು ಕಳಿಸಿ. ಹಾಗೆ ಬಂದದ್ದು ತೆಗೆದಾಗ ಹೇಗಿತ್ತೋ ಹಾಗೇ ಇರುತ್ತದೆ. ಗುಲಾಬಿ ಹೂವಿನ ಗುಡ್ ಮಾರ್ನಿಂಗ್‌ಗಳನ್ನು ಮಾತ್ರ ಯಾವ ರೀತಿಯಲ್ಲೂ ಕಳಿಸಬೇಡಿ.